ಹಳದಿ ತಂತಿ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅಲ್ಲಿ ಕರೆಂಟಿನ ಕೆಲಸ ಮಾಡಿದ. ಓದಿದ್ದು ಏಳನೇ ಕ್ಲಾಸು. ಮಾತು ಕಡಿಮೆ. ಯಾರಾದರೂ ಅವಸರಕ್ಕೆ ತಂತಿ ಸುತ್ತಿಟ್ಟು ಹೋದರೆ ಮಾತ್ರ ಬಾಯಿ ಬಿಡುತ್ತಿದ್ದ.

"ಸದ್ಯಕ್ಕೆ ಇರ್ಲಿ ಅಂತ ಬಿಡ್ತೀರಾ. ಅದು ಅಲ್ಲೇ ಸಂಸಾರ ಹೂಡತ್ತೆ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಅದು ಕುರ್ಚಿ, ಹಾಸಿಗೆಗಳಿಗೆ ಹಾಕುವ ಸ್ಪಂಜು ಕತ್ತರಿಸುವ ಕಾರ್ಖಾನೆ. ಮೂರನೇ ಮೆಷಿನ್ನಿನಲ್ಲಿ ಅವನ ತಂಗಿ ಕೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದವಳು. ಅವನು ಮದುವೆಯಾಗಿರಲಿಲ್ಲ. ಎರಡು ಕೋಣೆ, ಮೂರು ಜನ. ಅವಳನ್ನು ಕಾರ್ಖಾನೆಗೆ ಸೇರಿಸಿದವನೂ ಅವನೇ, ಮೆಷಿನ್ ಕಲಿಸಿದವನೂ ಅವನೇ.

"ಏನಾದ್ರೂ ಸಿಕ್ಕಾಕ್ಕೊಂಡ್ರೆ ಮೊದ್ಲು ಕೆಂಪು ಗುಂಡಿ ಒತ್ತು. ಆಮೇಲೆ ಕೈ ಹಾಕು," ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಅವಳು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಆ ಮೆಷಿನ್ನಿಗೆ ಎಂಬತ್ತು ಕಿಲೋ ತೂಗುವ ಕಬ್ಬಿಣದ ತಲೆ. ಅದರ ಅಡಿಯಲ್ಲಿ ಬ್ಲೇಡು. ಒಂದು ಸರ್ವೋ ಮೋಟರು ಆ ತಲೆಯನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಇಳಿಸಿ ಎತ್ತುತ್ತಿತ್ತು. ಮೋಟರಿಗೆ ಯಾವಾಗ ಎಷ್ಟು ಕರೆಂಟು ಬೇಕೋ ಅಷ್ಟನ್ನೇ ಅಳೆದು ಕೊಡುವ ಪೆಟ್ಟಿಗೆ ಸರ್ವೋ ಆಂಪ್ಲಿಫೈಯರು. ಅಲ್ಲಿಯವರ ಬಾಯಲ್ಲಿ ಡ್ರೈವು. ಕರೆಂಟು ಹೋದಾಗ ತಲೆ ಬೀಳದಂತೆ ಹಿಡಿಯಲು ಮೋಟರಿನ ಬೆನ್ನಿಗೆ ಒಂದು ಬ್ರೇಕು. ಅದಕ್ಕೆ ಕರೆಂಟು ಕೊಟ್ಟರೆ ಬಿಡುವುದು, ಕಡಿದರೆ ಹಿಡಿಯುವುದು.

ಬ್ರೇಕು ಇದ್ದರೂ ಅಲ್ಲಿ ಒಂದು ರೂಢಿ ಇತ್ತು. ಸಂಜೆ ಮೆಷಿನ್ ಆರಿಸುವ ಮುಂಚೆ, ಅಥವಾ ರಿಪೇರಿಗೆ ಯಾರಾದರೂ ಬಂದಾಗ, ತಲೆಯ ಕೆಳಗೆ ಒಂದು ಮರದ ದಿಮ್ಮಿ ಇಡುವುದು. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ದಿಮ್ಮಿಯ ಮೂಲೆಗಳು ಸವೆದು ದುಂಡಗಾಗಿದ್ದವು.

ಒಂದು ಸೋಮವಾರ ಬೆಳಿಗ್ಗೆ ಆ ಮೆಷಿನ್ನಿನ ಡ್ರೈವು ಸುಟ್ಟುಹೋಯಿತು. ಆ ಮಾದರಿ ಈಗ ಬರುವುದಿಲ್ಲ ಎಂದು ಮಾರುವವರು ಕೈ ಎತ್ತಿದರು. ಬೇರೆ ಎರಡರ ವಿವರ ಕಳಿಸಿದರು. ಮ್ಯಾನೇಜರು ಆ ಹಾಳೆ ಹಿಡಿದುಕೊಂಡು ಬಂದರು.

"ಎರಡೂ ಐದು ಆಂಪಿನದೇ ಅಲ್ವೇನಯ್ಯಾ? ಕಮ್ಮಿದೇ ತರ್ಸೋಣ."

ಫ್ಯೂಸಣ್ಣ ಮೋಟರಿನ ಮೇಲಿನ ತಗಡನ್ನು ಒರೆಸಿ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದ.

"ಐದು ಅನ್ನೋದು ಸುಮ್ನೆ ಓಡ್ತಾ ಇರೋವಾಗ ಸರ್. ತಲೆ ಎತ್ತೋ ಗಳಿಗೇಲಿ ಮೋಟ್ರು ಹನ್ನೆರಡು ಎಳೆಯತ್ತೆ. ಇದು ಏಳೂವರೆಗೇ ಏದುಸಿರು ಬಿಡತ್ತೆ. ಇನ್ನೊಂದು ಹದಿನೈದರ ತನಕ ಕೊಡತ್ತೆ. ಮತ್ತೆ ಮೋಟ್ರು ಎಷ್ಟು ತಿರುಗ್ತು ಅಂತ ಎನ್‌ಕೋಡ್ರು ಹೇಳತ್ತಲ್ಲ, ಅದರ ಮಾತು ಈ ಕಮ್ಮಿದಕ್ಕೆ ತಿಳಿಯೋದೇ ಇಲ್ಲ."

"ನೀನೇನು ಡ್ರೈವಿಗೆ ಡಾಕ್ಟ್ರಾ?"

"ಅಲ್ಲ ಸರ್. ಸತ್ರೆ ಹೊರೋನು."

ಮ್ಯಾನೇಜರು ನಕ್ಕು ಸಹಿ ಹಾಕಿದರು. ಅವನು ಆರಿಸಿದ್ದೇ ಬಂತು. ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ಇತ್ತೆಂದು ಇವತ್ತಿಗೂ ಯಾರೂ ಹೇಳುವುದಿಲ್ಲ.

ಕೂರಿಸಿದ್ದೂ ಅಚ್ಚುಕಟ್ಟಾಗಿಯೇ. ಬಿಸಿ ಗಾಳಿ ಹೋಗಲೆಂದು ಮೇಲೆ ಕೆಳಗೆ ಒಂದೊಂದು ಅಂಗೈ ಜಾಗ ಬಿಟ್ಟ. ಮೋಟರಿನ ಕೇಬಲ್ಲೂ ಎನ್‌ಕೋಡರಿನ ಕೇಬಲ್ಲೂ ಒಂದಕ್ಕೊಂದು ತಾಗದಂತೆ ಬೇರೆ ಬೇರೆ ದಾರಿಯಲ್ಲಿ ಎಳೆದ. ಅರ್ತಿಂಗಿನ ಬೋಲ್ಟನ್ನು ಬಣ್ಣ ಕೆರೆದು ಬಿಗಿದ. ಆದರೆ ಬ್ರೇಕು ಬಿಡಲಿಲ್ಲ. ಸೆಟ್ಟಿಂಗಿನಲ್ಲಿ ಯಾವುದೋ ಒಂದು ಅಂಕಿ ಹಾಕುವ ತನಕ ಹೊಸ ಡ್ರೈವು ಬ್ರೇಕನ್ನು ಮುಟ್ಟುವುದೇ ಇಲ್ಲ. ಪುಸ್ತಕದಲ್ಲಿ ಅವನಿಗೆ ಓದಲು ಬರುತ್ತಿದ್ದದ್ದು ಅಂಕಿಗಳು ಮಾತ್ರ. ಮಾರುವವರಿಗೆ ಫೋನ್ ಮಾಡಿದರೆ, "ಇಂಜಿನಿಯರು ನಾಳೆ ಸಿಗ್ತಾರೆ."

ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು. "ಮೋಟ್ರು ತಿರುಗತ್ತಾ ಇಲ್ವಾ, ಅಷ್ಟಾದ್ರೂ ತೋರ್ಸು ಮಾರಾಯ."

ಫ್ಯೂಸಣ್ಣ ಒಂದು ಗೇಣು ಹಳದಿ ತಂತಿ ಕತ್ತರಿಸಿದ. ಇಪ್ಪತ್ನಾಲ್ಕು ವೋಲ್ಟಿನ ಸಪ್ಲೈಯಿಂದ ಬ್ರೇಕಿಗೆ ನೇರ ಕೊಟ್ಟ. ಬ್ರೇಕು ಬಿಟ್ಟಿತು. ಮೋಟರು ತಿರುಗಿತು. ಸದ್ಯಕ್ಕೆ ಇರಲಿ ಎಂದುಕೊಂಡ.

ಮರುದಿನ ಇಂಜಿನಿಯರು ಫೋನಿನಲ್ಲಿ ಅಂಕಿ ಹೇಳಿದ. ಹಾಕಿದ ಕೂಡಲೇ ಡ್ರೈವಿನೊಳಗೆ ಟಿಕ್ ಎಂದಿತು. ಇನ್ನು ಬ್ರೇಕು ಡ್ರೈವಿನ ಕೈಯಲ್ಲಿ. ಆ ಟಿಕ್ ಕೇಳಿ ಅವನಿಗೆ ಎಷ್ಟು ಹಗುರಾಯಿತೆಂದರೆ, ಹಳದಿ ತಂತಿ ಮರೆತೇಹೋಯಿತು. ಅದು ಡ್ರೈವು ಕೂರಿಸಿದ್ದ ಪ್ಯಾನಲ್ ಕಪಾಟಿನ ಹಿಂಬದಿಯಲ್ಲಿ, ಬೇರೆ ತಂತಿಗಳ ಜೊತೆ, ಬ್ರೇಕನ್ನು ಸದಾ ಬಿಡಿಸಿ ಹಿಡಿದುಕೊಂಡೇ ಇತ್ತು.

ಕೊನೆಯ ಪರೀಕ್ಷೆ ಕೆಂಪು ಗುಂಡಿಯದು. ಅದು ಡ್ರೈವಿನ ಕರೆಂಟನ್ನು ಕಡಿಯುತ್ತದೆ. ಆಗ ಬ್ರೇಕು ತಲೆಯನ್ನು ಹಿಡಿಯಬೇಕು. ಅಣ್ಣ ಗುಂಡಿಯ ಹತ್ತಿರ ಬಂದದ್ದನ್ನು ನೋಡಿ ತಂಗಿ, ರೂಢಿಯಂತೆ, ದಿಮ್ಮಿ ತಂದು ತಲೆಗೆ ತಾಗುವಂತೆ ಕೆಳಗೆ ಇಟ್ಟಳು. ಅವನು ಒತ್ತಿದ. ತಲೆ ಅಲುಗಲಿಲ್ಲ. ಹತ್ತು ಸಲ ಒತ್ತಿದ. ಹತ್ತು ಸಲವೂ ಅಲುಗಲಿಲ್ಲ.

"ಸಾಕು ಬಿಡೋ. ಗುಂಡಿ ಕಿತ್ತು ಬಂದೀತು," ಎಂದಳು ತಂಗಿ.

ಹಿಡಿದದ್ದು ದಿಮ್ಮಿ. ಬ್ರೇಕು ಹಿಡಿಯಿತು ಎಂದುಕೊಂಡು ಅವನು ಪ್ಯಾನಲ್ಲಿನ ಬಾಗಿಲು ಮುಚ್ಚಿದ.

ಹನ್ನೆರಡು ದಿನ ಮೆಷಿನ್ ಚೆನ್ನಾಗಿ ಓಡಿತು. ಸಂಜೆ ಆರಿಸುವಾಗ ಹೇಗೂ ದಿಮ್ಮಿ ಇರುತ್ತಿತ್ತು. ಹದಿಮೂರನೇ ದಿನ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ಒಂದು ಸ್ಪಂಜಿನ ಹಾಳೆ ಬ್ಲೇಡಿಗೆ ಸಿಕ್ಕಿಕೊಂಡಿತು. ಇಂಥದ್ದು ದಿನಕ್ಕೆ ನಾಲ್ಕು ಸಲ ಆಗುವುದು. ಅದಕ್ಕೆಲ್ಲ ಯಾರೂ ದಿಮ್ಮಿ ಇಡುವುದಿಲ್ಲ. ತಂಗಿ ಕೆಂಪು ಗುಂಡಿ ಒತ್ತಿದಳು. ಬಲಗೈ ಹಾಕಿದಳು.

ಅವಳು ಒತ್ತಿದ್ದರಿಂದಲೇ ತಲೆ ಬಿತ್ತು.

ಫ್ಯೂಸಣ್ಣ ಓಡಿಬಂದು ಹಾರೆ ಹಾಕಿ ಮೀಟಿದ. ಅವಳು ಕಿರುಚಲಿಲ್ಲ. "ಒತ್ತಿದ್ದೆ ಕಣೋ ಅಣ್ಣಾ. ಒತ್ತಿದ್ದೆ," ಎನ್ನುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು.

ಮರುದಿನ ಬೆಳಿಗ್ಗೆ ಒಬ್ಬನೇ ಪ್ಯಾನಲ್ ತೆರೆದ. ಹಳದಿ ತಂತಿ ಕಂಡಿತು. ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಮ್ಯಾನೇಜರು ಒಂದು ಹಾಳೆ ತಂದರು.

"ದಿಮ್ಮಿ ಇಟ್ಟಿರ್ಲಿಲ್ಲ ಅಂತ ಬರೆದುಬಿಡು. ಸುಳ್ಳೇನಲ್ವಲ್ಲ."

"ತಪ್ಪು ಅವಳದು ಅಂತಾಗತ್ತೆ. ಮತ್ತೆ ಅವಳನ್ನ ಗೇಟೊಳಗೆ ಬಿಡ್ತೀರಾ ಸರ್?"

"ಇಬ್ರಲ್ಲಿ ಒಬ್ರದು ತಪ್ಪು ಇರ್ಲೇಬೇಕಲ್ಲಯ್ಯಾ. ಅವಳಿಗೆ ಕೈಯೇ ಇಲ್ಲ. ಮನೇಲಿ ದುಡಿಯೋ ಕೈ ಉಳಿಸ್ಕೋ. ಯೋಚ್ನೆ ಮಾಡು."

ಆ ಮಾತಿನಲ್ಲಿ ನ್ಯಾಯ ಇಲ್ಲದಿದ್ದರೂ ಲೆಕ್ಕ ಇತ್ತು. ಅವನು ಹಾಳೆ ಮಡಚಿಕೊಂಡು ಆಸ್ಪತ್ರೆಗೆ ನಡೆದ. ಮಂಚದ ಪಕ್ಕ ನಿಂತು ಜೇಬಿನಿಂದ ತಂತಿ ತೆಗೆದು ಹೊದಿಕೆಯ ಮೇಲೆ ಇಟ್ಟ.

"ನೀನು ಸರಿಯಾಗೇ ಒತ್ತಿದ್ದೆ. ಇದನ್ನ ತೆಗೆಯೋದು ನಾನು ಮರೆತೆ."

ತಂಗಿ ತಂತಿ ನೋಡಿದಳು. ಅವನ ಮುಖ ನೋಡಿದಳು.

"ಎಲ್ಲರಿಗೂ ಹೇಳ್ತಿದ್ದೆಯಲ್ಲೋ," ಎಂದಳು. ಗೋಡೆಯ ಕಡೆ ತಿರುಗಿದಳು.

ಅವನು ಅಲ್ಲೇ ಕೂತು ನಾಲ್ಕು ಸಾಲು ಬರೆದ. ತಂತಿ ನಾನು ಬಿಟ್ಟಿದ್ದು. ಪರೀಕ್ಷೆ ಮಾಡುವಾಗ ದಿಮ್ಮಿ ತೆಗೆಯಲಿಲ್ಲ. ಅವಳು ಗುಂಡಿ ಒತ್ತಿದ್ದಳು. ಅವಳ ತಪ್ಪಿಲ್ಲ. ತಂತಿಯನ್ನೂ ಹಾಳೆಗೆ ಸಿಕ್ಕಿಸಿ ಕೊಟ್ಟ.

ಮ್ಯಾನೇಜರು ಓದಿ, "ನಿನ್ನ ಕೈಯಾರೆ ಹಾಳಾದೆ," ಎಂದರು. ಅದು ಕೆಲಸದಿಂದ ತೆಗೆದ ಮಾತು.

ಹೊರಡುವ ಮುಂಚೆ ಅವನು ಮೂರನೇ ಮೆಷಿನ್ನಿನ ಹತ್ತಿರ ಹೋದ. ಮೆಷಿನ್ ಚಾಲೂ ಮಾಡಿ ತಲೆಯನ್ನು ಮೇಲೆತ್ತಿ, ದಿಮ್ಮಿ ಎತ್ತಿ ಪಕ್ಕಕ್ಕಿಟ್ಟ. ತನ್ನ ಬಲಗೈಯನ್ನು ಬ್ಲೇಡಿನ ಕೆಳಗೆ ಚಾಚಿ, ಎಡಗೈಯಿಂದ ಗುಂಡಿ ಒತ್ತಿದ.

"ಏಯ್, ಹುಚ್ಚಾ! ಕೈ ತೆಗಿ!" ಮ್ಯಾನೇಜರು ಕೂಗಿದರು.

ತಲೆ ಅಲುಗಲಿಲ್ಲ. ಹತ್ತು ಸಲ ಒತ್ತಿದ. ಟೂಲ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ತಂಗಿಗೆ ಈಗ ಆ ಕಾರ್ಖಾನೆಯಲ್ಲೇ ಸ್ಪಂಜಿನ ಹಾಳೆಗಳ ಅಳತೆ ನೋಡುವ ಕೆಲಸ. ಅವನು ಒಂದು ಓಣಿಯ ಅಂಗಡಿಯಲ್ಲಿ ಫ್ಯಾನು, ಪಂಪು ರಿಪೇರಿ ಮಾಡುತ್ತಾನೆ. ಮನೆಯಲ್ಲಿ ಬೇಕಾದಷ್ಟೇ ಮಾತು. ಬೆಳಿಗ್ಗೆ ತಂಗಿಯ ಮಗಳ ಜಡೆ ಹೆಣೆಯುವುದು ಅವನೇ. ಅವಳ ಅಮ್ಮನ ಬಲಗೈಗೆ ಕೂದಲು ನಿಲ್ಲುವುದಿಲ್ಲ.

"ಮಾವ, ಬಿಗಿ ಆಯ್ತು," ಎನ್ನುತ್ತಾಳೆ ಹುಡುಗಿ.

ಮುಗಿದ ಮೇಲೆ ತಂಗಿ ಬಂದು ಜಡೆಯನ್ನು ಎಡಗೈಯಿಂದ ಒಮ್ಮೆ ಎಳೆದು ನೋಡುತ್ತಾಳೆ. ದಿನವೂ. ಅವಳು ಕೈ ಬಿಡುವ ತನಕ ಅವನು ಅಲ್ಲೇ ನಿಂತಿರುತ್ತಾನೆ.