ಮೀಸಲು ನೀರು

ನಮ್ಮ ಮನೆಯಲ್ಲಿ ಹೊಳೆ ನೀರಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ. ಅಮ್ಮ ಹುಟ್ಟಿದ್ದು ಹರಿಹರದಲ್ಲಿ, ತುಂಗಭದ್ರೆಗೆ ಬೆನ್ನು ಕೊಟ್ಟ ಮನೆಯಲ್ಲಿ. ದಾವಣಗೆರೆಯ ಕೆ.ಬಿ. ಬಡಾವಣೆಗೆ ಸೊಸೆಯಾಗಿ ಬಂದು ಮುದುಕಿಯಾದರೂ ನಲ್ಲಿ ನೀರನ್ನು ಅವಳು ಒಪ್ಪಿಲ್ಲ. ಇದೂ ಅದೇ ಹೊಳೆಯದಮ್ಮಾ ಎಂದರೆ, "ಪೈಪಿನಾಗ ಬಂದ್ಮೇಲೆ ಅದ್ಯಾವ ಹೊಳಿ" ಎನ್ನುತ್ತಾಳೆ.

ಅವಳ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಮೊಳಕಾಲ್ಮೂರು ಕಡೆಯ ಕಲ್ಲುಗುಡ್ಡಗಳ ನಡುವಿನ ಊರು ಸೇರಿದ್ದಳು. ಅಲ್ಲಿ ಕುಡಿಯಲು ಬೋರಿನ ಸವುಳು ನೀರು. ಹಾಗಾಗಿ ನಮ್ಮವರು ಯಾರೇ ಅಲ್ಲಿಗೆ ಹೋದರೂ ಹೂವು ಹಣ್ಣಿನ ಬದಲು ಹೊಳೆ ನೀರು ಒಯ್ಯುವುದು ರೂಢಿ. ತನ್ನ ಕೊನೆಯ ಗುಟುಕೂ ಅದೇ ಆಗಬೇಕೆಂದು ಚಿಕ್ಕಮ್ಮ ಅಕ್ಕನಿಂದ ಮಾತು ತೆಗೆದುಕೊಂಡಿದ್ದಳು.

ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವಳ ಮಗಳ ಫೋನು ಬಂತು. "ನೀರು ನೀರು ಅಂತಾಳೆ. ಇಲ್ಲಿನ ನೀರು ಬಾಯಿಗೆ ಹಾಕಿದ್ರೆ ಉಗುಳ್ತಾಳೆ. ಇವತ್ತು ದಾಟೋದು ಕಷ್ಟ ಐತೆ. ಲಗೂನ ಬರ್ರಿ."

ಅವಸರವಿದ್ದ ನಾವು ಮೊದಲು ಹೋಗಿದ್ದು ಉಲ್ಟಾ ದಿಕ್ಕಿಗೆ, ಹರಿಹರಕ್ಕೆ. ಹೊಳೆ ಬಂಡೆಗಳ ನಡುವೆ ಪಾಚಿಗಟ್ಟಿ ನಿಂತಿತ್ತು. ಅಮ್ಮ ಮರಳಲ್ಲಿ ಕೂತು ಕೈಯಿಂದಲೇ ಗುಂಡಿ ತೋಡಿದಳು. ಒಸರಿದ ನೀರು ತಿಳಿಯಾಗುವವರೆಗೆ ಕಾದು, ಬಟ್ಟೆಯಲ್ಲಿ ಸೋಸಿ ದೊಡ್ಡ ಕ್ಯಾನು ತುಂಬಿಸಿ ಮುಚ್ಚಳ ಬಿಗಿದಳು. ಇನ್ನು ಅದು ಮೀಸಲು ನೀರು. ಯಾರಿಗಾಗಿ ತುಂಬಿದ್ದೋ ಅವರ ಬಾಯಿಗೆ ಬೀಳುವ ಮೊದಲು ಮುಚ್ಚಳ ತೆಗೆಯುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ತೆಗೆದರೆ ಎಂಜಲಿಗೆ ಸಮ. ಅಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಾರಿನಲ್ಲಿ ಕೂತಳು.

ಜಗಳೂರು ದಾಟಿದ ಮೇಲೆ ಹಸಿರೆಂಬುದು ಬಳ್ಳಾರಿ ಜಾಲಿಯದ್ದು ಮಾತ್ರ. ಬೋಳು ಗುಡ್ಡ, ಸುಟ್ಟ ಇಟ್ಟಿಗೆಯ ಬಣ್ಣದ ನೆಲ, ಮುಂದೆ ಮುಂದೆ ಓಡುವ ಬಿಸಿಲ್ಗುದುರೆ. ಕಿಟಕಿ ತೆಗೆದರೆ ಒಲೆಯ ಬಾಯಿಗೆ ಮುಖ ಕೊಟ್ಟಂತಾಗುತ್ತಿತ್ತು. ನನ್ನ ಹಳೇ ಕಾರು ಒಂದು ಏರಿನಲ್ಲಿ ಬುಸ್ಸೆಂದು ಹೊಗೆಯುಗುಳಿ ನಿಂತಿತು. ರೇಡಿಯೇಟರಿನ ಪೈಪು ಸೀಳಿ ನೀರೆಲ್ಲ ಸೋರಿಹೋಗಿತ್ತು. ಸೀಳನ್ನು ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದೆ. ಕುಡಿಯುವ ಬಾಟಲಿ ಎಂದೋ ಖಾಲಿಯಾಗಿತ್ತು. ಬೇಕಾಗಿದ್ದುದು ನೀರು.

"ಅಮ್ಮ, ಅದ್ರಾಗ ಅರ್ಧ ಕೊಡು."

"ಮೀಸಲು ಮುರಿದ ನೀರು ಸಾಯೋರ ಬಾಯಿಗೆ ಬಿಡ್ತಾರೇನೋ? ಬ್ಯಾಡ."

ನನಗೆ ನೆತ್ತಿಗೇರಿದ್ದು ಬಿಸಿಲೊಂದೇ ಅಲ್ಲ. ಹೊತ್ತಾದರೆ ಯಾವ ಬಾಯಿಗೆ ಬಿಡುತ್ತೀ ಎಂದು ಕೂಗಿದೆ. ಅವಳು ಕ್ಯಾನಿನ ಮೇಲೆ ಸೆರಗು ಹೊದಿಸಿದಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಒಂದೆರಡು ಬೈಕು ಹೋದವು, ಅಮ್ಮನ ಮೊಣಕಾಲು ಬೈಕು ಹತ್ತುವಂಥದ್ದಲ್ಲ. ಕ್ಯಾನು ಹಿಡಿದು ನಾನೊಬ್ಬನೇ ಹೋಗುತ್ತೇನೆಂದರೂ ಅವಳು ಕೊಡಲಿಲ್ಲ. ಕೊಟ್ಟ ಮಾತು ತನ್ನದು, ಬಿಡಬೇಕಾದ ಕೈಯೂ ತನ್ನದೇ ಎಂದಳು.

ಕುರಿ ಹೊಡೆದುಕೊಂಡು ಬಂದವನೊಬ್ಬ ನಿಂತು ನೋಡಿದ. ಹತ್ತಿರ ನೀರು ಎಲ್ಲಿದೆ ಎಂದು ಕೇಳಿದೆ. ಮುಂದಿನ ತೊಟ್ಟಿ ಒಣಗಿದೆ ಎಂದು ಹೇಳಿ, ಅಮ್ಮನ ಮಡಿಲ ಕಡೆ ಗದ್ದ ಎತ್ತಿದ. "ಅಂಗೈಯಾಗ ಬೆಣ್ಣಿ ಇಟ್ಕಂಡು ತುಪ್ಪಕ್ಕ ಅಲಿತೀರಲ್ರಿ." ಅಮ್ಮ ಮುಖ ತಿರುಗಿಸಿದಳು.

ಮಧ್ಯಾಹ್ನ ಇಳಿದ ಮೇಲೆ ನೀರಿನ ಟ್ಯಾಂಕರೊಂದು ಬಂತು. ಅದರ ಡ್ರೈವರ್ ಕೊಟ್ಟ ಒಂದು ಬಕೆಟ್ಟು ನೀರಿನಿಂದ ಕಾರು ಹೊರಟಿತು. ಚಿಕ್ಕಮ್ಮನ ಮನೆ ಮುಂದೆ ಶಾಮಿಯಾನದ ಕಂಬ ನೆಡುತ್ತಿದ್ದರು.

ಆದರೂ ಅಮ್ಮ ಒಳಗೆ ಹೋಗಿ ಮುಚ್ಚಳ ತೆಗೆದು ತಂಗಿಯ ಬಾಯಿಗೆ ಚಮಚದಲ್ಲಿ ನೀರು ಬಿಟ್ಟಳು. ಹಲ್ಲು ಕಚ್ಚಿಕೊಂಡಿತ್ತು. ನೀರು ಕೆನ್ನೆಯಿಂದ ಕಿವಿಗಿಳಿದು ದಿಂಬು ಒದ್ದೆಯಾಯಿತು. ಚಿಕ್ಕಮ್ಮನ ಮಗಳು ಸೆರಗಿನಿಂದ ಅದನ್ನು ಒರೆಸಿ, ದಾರಿಯಲ್ಲಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಕ್ಯಾನನ್ನೇ ನೋಡುತ್ತ ಕೂತಳು.

"ಗಾಡಿಗೆ ಹಾಕ್ಕಂಡು ಬರಬಾರ್ದಿತ್ತಾ ದೊಡ್ಡಮ್ಮ? ಈಗಿನ್ನ ಕೇಳ್ತಿದ್ಲು, ನೀರು ಬಂತಾ ಅಂತ. ಒಂದು ಚಮಚ ಸಾಕಿತ್ತು."

ಅಮ್ಮ ಕ್ಯಾನಿನ ಮುಚ್ಚಳ ಹಾಕಿ ಬಿಗಿದಳು. ಅಮ್ಮನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಸತ್ತುಹೋಯಿತು. ಅದು ಇದ್ದಿದ್ದರೇ ವಾಸಿಯಿತ್ತು.

ಮರುದಿನ ಮಣ್ಣು ಮುಗಿಸಿ ವಾಪಸಾಗುವಾಗ ಅದೇ ಗುಡ್ಡಗಳ ನಡುವೆ ನಾನು ಕಟ್ಟಿದ್ದ ಪಟ್ಟಿ ಸಡಿಲಗೊಂಡು ಕಾರು ಮತ್ತೆ ಬಿಸಿಯಾಯಿತು. ಎಂಜಿನ್ ತಣ್ಣಗಾಗುವವರೆಗೆ ಕಾದೆವು. ಪಟ್ಟಿ ಬಿಗಿದು ತಲೆಯೆತ್ತಿದರೆ ಅಮ್ಮ ಕ್ಯಾನು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ತಾನೇ ಸುರಿದಳು. ಒಂದಷ್ಟು ಆಚೀಚೆ ಚೆಲ್ಲಿತು. ರೇಡಿಯೇಟರು ತುಂಬಿ ಬಾಯಿಗೆ ಬಂತು.

"ಇನ್ನೂ ಬೇಕಾ?" ಎಂದು ಕೇಳಿದಳು.

ಸಾಕು ಎಂದೆ. ಕ್ಯಾನಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿತ್ತು.