ಎಡಗಡೆ ಚಕ್ರದ ಸದ್ದು

ಸರೋಜಕ್ಕ, ಮಂಡಿಕಲ್ ದಾರಿಯಲ್ಲಿ ನಿಮ್ಮ ವ್ಯಾನು ಹೊಲಕ್ಕೆ ನುಗ್ಗಿದ್ದು ನಿಮ್ಮ ತಪ್ಪಿನಿಂದಲ್ಲ. ನನ್ನಿಂದ. ಇದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ.

ಆ ಮಳೆಗಾಲದಲ್ಲಿ ನೀವು ಶಿಡ್ಲಘಟ್ಟದ ನನ್ನ ಗ್ಯಾರೇಜಿಗೆ ಎರಡು ದೂರು ಹೊತ್ತು ಬಂದಿದ್ದಿರಿ. ಮಳೆ ಬಂದರೆ ವ್ಯಾನಿನೊಳಗೆ ನೀರು. ಬಲಕ್ಕೆ ತಿರುಗಿಸಿದರೆ ಮುಂದುಗಡೆ ಏನೋ ಸದ್ದು. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆಹುಳುಗಳನ್ನು ಸಾಕಿ, ತಟ್ಟೆಗಳಲ್ಲಿಟ್ಟು ರೈತರ ಮನೆಬಾಗಿಲಿಗೆ ನೀವೇ ತಲುಪಿಸುತ್ತಿದ್ದಿರಿ. ತಟ್ಟೆ ನೆನೆದರೆ ಹುಳು ಉಳಿಯುವುದಿಲ್ಲ. ಹಾಗಾಗಿ ನಿಮ್ಮ ಚಿಂತೆಯೆಲ್ಲ ನೀರಿನದೇ.

ನೀರು ಸೀಟಿನ ಹಿಂದೆ ನಿಲ್ಲುತ್ತಿತ್ತು. ಮುಟ್ಟಿ ನೋಡಿದೆ — ಅಂಟಿಲ್ಲ, ವಾಸನೆಯಿಲ್ಲ, ಇಂಜಿನ್ನಿನದಲ್ಲ, ಮಳೆಯದು. ಬಾಗಿಲುಗಳ ರಬ್ಬರು ಚೆನ್ನಾಗಿತ್ತು. ಚಾವಣಿಯ ಒಳಹೊದಿಕೆ ಬಿಚ್ಚಿ, ತಗಡಿಗೆ ಪೌಡರ್ ಬಳಿದು, ಹೊರಗಿನಿಂದ ನೀರು ಬಿಟ್ಟೆ. ಪೌಡರಿನಲ್ಲಿ ಒಂದು ಗೆರೆ ಮೂಡಿತು. ಅದರ ಜಾಡು ಹಿಡಿದರೆ, ಮೇಲಿನ ಕ್ಯಾರಿಯರ್ ಕೂರಿಸಲು ಕೊರೆದಿದ್ದ ಬೋಲ್ಟಿನ ತೂತು. ನೀರು ಇಳಿಯುತ್ತಿದ್ದದ್ದು ಮುಂದೆ, ತೊಟ್ಟಿಕ್ಕುತ್ತಿದ್ದದ್ದು ಹಿಂದೆ. ಮುಚ್ಚಿದೆ.

"ನಿನ್ ಕಣ್ಣಿಗೆ ಬೀಳದ ರಿಪೇರಿ ಯಾವ್ದೂ ಇಲ್ಲ ಬಿಡಪ್ಪ," ಅಂದಿರಿ. ನಾನು ಉಬ್ಬಿಹೋದೆ.

ಆಮೇಲೆ ಸದ್ದು. ನಾನೇ ಓಡಿಸಿ ನೋಡಿದೆ. ಎಡ ಚಕ್ರದ ಬುಡದಲ್ಲಿ ಟಕ್, ಟಕ್ — ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಸಡಿಲವಾಗಿತ್ತು. ಹಿಂದಿನ ತಿಂಗಳಷ್ಟೇ ಅದನ್ನು ಹಾಕಿದವನು ನಾನು. ನಟ್ಟು ಬಿಚ್ಚಿಕೊಳ್ಳದಂತೆ ತೂರಿಸುವ ಸಣ್ಣ ಪಿನ್ನು ಅವತ್ತು ಸಿಕ್ಕಿರಲಿಲ್ಲ. ನಾಳೆ ಹಾಕಿದರಾಯಿತು ಅಂದುಕೊಂಡು ಮರೆತಿದ್ದೆ. ಈಗ ಚಕ್ರ ಬಿಚ್ಚಿದರೆ ಪಿನ್ನಿಲ್ಲದ್ದು ಪಕ್ಕದಲ್ಲೇ ನಿಂತ ನಿಮಗೆ ಕಾಣುತ್ತದೆ. ಆಗತಾನೇ ಅಷ್ಟು ಹೊಗಳಿದ್ದಿರಿ...

"ಏನೂ ಇಲ್ಲಕ್ಕ, ಸೀಟಿನಡಿ ಜಾಕ್ ಅಲ್ಲಾಡ್ತದೆ ಅಷ್ಟೇ," ಅಂದೆ. ಜಾಕಿಗೆ ಗೋಣಿತಾಟು ಸುತ್ತಿಯೂ ಕೊಟ್ಟೆ. ಏನಾದರೂ ನೆಪ ಹೇಳಿ ಮತ್ತೆ ಕರೆಸಿ ಸರಿಮಾಡೋಣ ಅಂದುಕೊಂಡದ್ದು ನಿಜ — ಕರೆಸಲಿಲ್ಲ ಎಂಬುದೂ ನಿಜ.

ಆ ವಾರವೇ ಫೋನು ಬಂತು. ನಾನು ಬರುವಷ್ಟರಲ್ಲಿ ನಿಮ್ಮ ಯಜಮಾನರು ರಾಮಾಂಜಿನಪ್ಪನವರು ಮುರಿದ ಮೊಣಕೈ ಹಿಡಿದುಕೊಂಡು ಬದುವಿನ ಮೇಲೆ ಕೂತಿದ್ದರು. ನೀವು ಜೋಳದ ಹೊಲದಲ್ಲಿ ಚೆಲ್ಲಿದ್ದ ಹುಳುಗಳನ್ನು ಸೊಪ್ಪಿನ ಸಮೇತ ಆರಿಸುತ್ತಿದ್ದಿರಿ.

"ಚಕ್ರ ಮೊದ್ಲೇ ಕಳಚ್ತಾ, ಇಲ್ಲ ನಾನು ಹೊಲಕ್ಕಿಳಿಸಿದ್ದಕ್ಕೆ ಮುರೀತಾ? ನಿಜ ಹೇಳಪ್ಪ."

ಟಾರಿನ ಮೇಲೆ ಹೊಸ ಗೀರಿತ್ತು. ಹೊಲ ಇನ್ನೂ ದೂರವಿರುವಾಗಲೇ ಅದು ಶುರುವಾಗಿತ್ತು. ಚಕ್ರ ಮಡಚಿಕೊಂಡದ್ದು ರಸ್ತೆಯಲ್ಲೇ. ಎದುರಿಗೆ ಮೋರಿಯ ಕಲ್ಲುಕಟ್ಟೆ. ಅದಕ್ಕೆ ಬಡಿಯುವ ಮೊದಲೇ ನೀವು ಗಾಡಿಯನ್ನು ಹೊಲಕ್ಕೆ ತಿರುಗಿಸಿದ್ದಿರಿ. ಇಬ್ಬರ ಜೀವ ಉಳಿದದ್ದು ನಿಮ್ಮ ಕೈಯಿಂದ. ಇಷ್ಟೂ ನನಗೆ ಕಂಡಿತು. ಕಂಡ ಮೇಲೆ ಹೇಳಿದೆ:

"ಕೆಳಗಿಳಿದ್ಮೇಲೆ ಮುರಿದಿರೋದಕ್ಕ."

"ಇವಳ ಕೈಗೆ ಸ್ಟೀರಿಂಗ್ ಕೊಡಬಾರ್ದು ಅಂತ ನಾನು ಅವತ್ತೇ ಹೇಳ್ಲಿಲ್ವಾ?" ಎಂದರು ಯಜಮಾನರು. ನೀವು ಮತ್ತೆ ಬಗ್ಗಿ ಹುಳು ಆರಿಸತೊಡಗಿದಿರಿ.

ಅಲ್ಲಿಂದಾಚೆಗೆ ನೀವು ಗಾಡಿ ಮುಟ್ಟಲಿಲ್ಲ. ವ್ಯಾನು ಮಾರಿದಿರಿ. ರೈತರು ಬೇರೆ ಕಡೆಯಿಂದ ಹುಳು ತರಿಸಿಕೊಂಡರು. ನಿಮ್ಮ ಸಾಕಣೆ ಕೋಣೆಗೆ ಬೀಗ ಬಿತ್ತು. ನಾನು ಮಾತ್ರ ಹಬ್ಬಹಬ್ಬಕ್ಕೂ ಬಂದು ನಿಮ್ಮ ಮನೆಯಲ್ಲಿ ಊಟ ಮಾಡಿದೆ. ಯಜಮಾನರ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅವರು ತುತ್ತೆತ್ತುವಾಗ ನೀವು ತಲೆ ತಗ್ಗಿಸುತ್ತೀರಿ. ನಾನೂ ತಗ್ಗಿಸುತ್ತೇನೆ — ಯಾಕೆಂದು ನಿಮಗೆ ಗೊತ್ತಿರಲಿಲ್ಲ.

ಹೋದ ವಾರ ನಿಮ್ಮ ಮಗಳು ಕಾರು ಕಲಿಯುತ್ತೇನೆ ಅಂದಾಗ ನೀವು, "ಬೇಡ ಕಣೇ, ನಮಗೆ ಅದು ಕೈಹತ್ತಲ್ಲ. ನನ್ನ ನೋಡಿದೀಯಲ್ಲ," ಅಂದಿರಿ. ನಾನು ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಭಾನುವಾರ ಬರುತ್ತೇನೆ. ಯಜಮಾನರೂ ಮಗಳೂ ಇರುವಾಗಲೇ ಎಲ್ಲವನ್ನೂ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತೇನೆ.