ಮೂರನೆಯ ಅಂಕಿ

ಭಟ್ಟಿಯ ಬಿಸಿಯನ್ನು ಬೇಗ ತೋರಿಸಬೇಕು, ಒಂದು ಡಿಗ್ರಿಯೂ ತಪ್ಪಬಾರದು, ಲಾಟೀನು ಇಡುವ ಗೋಡೆಗೂಡಿನಲ್ಲಿ ಪೆಟ್ಟಿಗೆ ಹಿಡಿಸಬೇಕು. ನಮ್ಮ ಧಣಿಗಳು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಸಂಜೆಯೊಳಗೆ ಆಗುವ ಕೆಲಸವೋ ಎಂಬಂತೆ ನನ್ನ ಮುಖ ನೋಡಿದರು.

ಅರುವತ್ತರ ದಶಕ ಮುಗಿಯುತ್ತ ಬಂದಿತ್ತು. ಎಂಜಿನಿಯರಿಂಗ್ ಮುಗಿಸಿದ ನಾನು ಬೋಳಾರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಗೆ ಸೇರಿದ್ದೆ. ಕಾಲೇಜಿನಲ್ಲಿ ಓದಿದ್ದಕ್ಕಿಂತ ವಾದಿಸಿದ್ದೇ ಹೆಚ್ಚು. ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಎದುರು ಪಕ್ಷ ಕೊಟ್ಟಿದ್ದರೂ ಗೆಲ್ಲುತ್ತಿದ್ದೆ ಎಂಬುದು ಆಗ ನನಗೆ ನಾಚಿಕೆಯ ವಿಷಯವಾಗಿ ಕಂಡಿರಲಿಲ್ಲ.

ಹಿಂದಿನ ಸಲ ಭಟ್ಟಿಯ ಒಂದು ಕೋಣೆಯ ಹಂಚೆಲ್ಲ ಸೊಟ್ಟಗಾಗಿ, ಕರಕಲಾಗಿ ಹೊರಬಂದಿತ್ತು. ಬೆಂಕಿ ಮೇಸ್ತ್ರಿಯ ಕಣ್ಣು ಮಂಜಾಗಿದೆ ಎಂದು ಧಣಿಗಳು ತೀರ್ಮಾನಿಸಿಬಿಟ್ಟರು. ಮುಂದಿನ ಕೋಣೆಯೂ ಹಾಳಾದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಎಲ್ಲರೆದುರೇ ಹೇಳಿದರು. ಮೇಸ್ತ್ರಿ ಐವತ್ತು ದಾಟಿದ ಬ್ಯಾರಿ ಮುಸಲ್ಮಾನರು. ಭಟ್ಟಿಯ ಮೇಲೆ ನಿಂತು, ಸೌದೆ ಇಳಿಸುವ ತೂತಿನ ಮುಚ್ಚಳ ಎತ್ತಿ, ಒಳಗಿನ ಕೆಂಪು ನೋಡಿಯೇ ಬಿಸಿ ಎಷ್ಟೆಂದು ಹೇಳುವವರು. ಆ ಕಣ್ಣನ್ನು ನಾನೂ ನಂಬುತ್ತಿರಲಿಲ್ಲ. ಆದರೆ ಅಳತೆಯೇ ಇಲ್ಲದೆ ಒಬ್ಬರನ್ನು ತಪ್ಪಿತಸ್ಥರನ್ನಾಗಿಸುವುದನ್ನು ಅದಕ್ಕಿಂತಲೂ ನಂಬುತ್ತಿರಲಿಲ್ಲ. ಬಿಸಿಯನ್ನು ಅಂಕಿಯಾಗಿ ತೋರಿಸುವ ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದು ಬಾಯಿಬಿಟ್ಟವನು ನಾನೇ.

ಭಟ್ಟಿಯೊಳಗೆ ಇಳಿಬಿಟ್ಟ ಜೋಡಿ ತಂತಿಯಲ್ಲಿ ಬಿಸಿಗೆ ಹುಟ್ಟುವ ವಿದ್ಯುತ್ತು ಅತ್ಯಲ್ಪ. ಅದನ್ನು ಅಂಕಿಯಾಗಿಸುವುದೆಂದರೆ ತಕ್ಕಡಿಯಲ್ಲಿ ತೂಗಿದಂತೆ. ಧಣಿಗಳಿಗೂ ಹಾಗೆಯೇ ಹೇಳಿದೆ. ಒಂದೊಂದೇ ಗ್ರಾಮಿನ ತೂಕದ ಬಟ್ಟು ಹಾಕುತ್ತ ಎಣಿಸಿದರೆ ಒಂದೇ ತಕ್ಕಡಿ ಸಾಕು, ಪೆಟ್ಟಿಗೆ ಚಿಕ್ಕದು, ಆದರೆ ನಿಧಾನ. ದೊಡ್ಡ ಬಟ್ಟಿನಿಂದ ಶುರುಮಾಡಿ ಅರ್ಧ, ಅದರರ್ಧ ಎಂದು ಇಳಿದರೆ ಬೇಗ ಮುಗಿಯುತ್ತದೆ. ಆದರೆ ಒಂದೊಂದು ಬಟ್ಟೂ ಕರಾರುವಾಕ್ಕಾಗಿರಬೇಕು, ಅಂಥ ಬಿಡಿಭಾಗ ಇಲ್ಲಿ ಸಿಗುವುದಿಲ್ಲ. ಸಾವಿರ ತಕ್ಕಡಿ ಸಾಲಾಗಿ ಇಟ್ಟು ಒಮ್ಮೆಲೇ ತೂಗಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಆದರೆ ಅಷ್ಟೂ ತಕ್ಕಡಿಯ ಟ್ರಾನ್ಸಿಸ್ಟರುಗಳನ್ನು ಇಡಲು ನಿಮ್ಮ ಆಫೀಸು ಖಾಲಿ ಮಾಡಬೇಕು.

"ಹಾಗಾದರೆ ತಕ್ಕಡಿಯನ್ನೇ ಕಡಲೆಯಷ್ಟು ಸಣ್ಣ ಮಾಡು ಮಾರಾಯ," ಎಂದರು ಧಣಿಗಳು.

"ಅದೆಲ್ಲ ಆಗ್ತದಾ ಧಣಿ?"

"ಎಂತಕ್ಕೆ ಆಗುದಿಲ್ಲ? ನೀನು ಕಲಿತವ ಅಲ್ವಾ?"

ಇಂಥವರೊಡನೆ ವಾದಿಸುವುದು ಹೇಗೆ? ಆದರೂ ವಾದಿಸಿದೆ. ಭಟ್ಟಿಯ ಬಿಸಿ ಹತ್ತು ಡಿಗ್ರಿ ಏರಲು ಎಷ್ಟೋ ಹೊತ್ತು ಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿದು ಮಾಡುವುದೇನು ಎಂದು ಕೇಳಿದೆ. ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅವರು ವೇಗವನ್ನು ಬಿಟ್ಟುಕೊಟ್ಟರು. ಗೆದ್ದ ಉಮೇದಿನಲ್ಲಿ, ಯಾರೂ ಮತ್ತೆ ಕೇಳದಿದ್ದರೂ, "ಒಂದೊಂದು ಡಿಗ್ರಿಯನ್ನೂ ತೋರಿಸ್ತೇನೆ, ನೋಡಿ," ಎಂದು ಮತ್ತೊಮ್ಮೆ ಮಾತು ಕೊಟ್ಟೆ.

ಧಣಿಗಳ ಎದುರೇ ಮೇಸ್ತ್ರಿ ಕೇಳಿದರು: "ಒಂದು ಡಿಗ್ರಿ ತಗೊಂಡು ನಾನು ಎಂತ ಮಾಡುದು ಮಾರಾಯ್ರೇ? ಒಂದು ಹೊರೆ ಸೌದೆ ಹಾಕಿದ್ರೆ ನಿಧಾನಕ್ಕೆ ಹತ್ತಿಪ್ಪತ್ತು ಏರಿಯೇ ಏರ್ತದೆ."

"ಹೆಚ್ಚು ತಿಳಿದರೆ ನಷ್ಟ ಉಂಟಾ ಕಾಕಾ?"

ಅವರು ಸೌದೆಯ ರಾಶಿಯ ಕಡೆ ನಡೆದರು. ಅದನ್ನೂ ನನ್ನ ಗೆಲುವಿನ ಪಟ್ಟಿಗೆ ಸೇರಿಸಿಕೊಂಡೆ.

ಭಟ್ಟಿಯೊಳಗೆ ಕೋಣೆಯಿಂದ ಕೋಣೆಗೆ ಸರಿಯುವ ಬೆಂಕಿ ಮುಂದಿನ ಕೋಣೆಗೆ ಬಂದ ದಿನ ಬೆಳಿಗ್ಗೆ ಪೆಟ್ಟಿಗೆ ಗೂಡಿನಲ್ಲಿ ಕೂತಿತು. ಬೆರಳು ತೂರಿಸಲೂ ಜಾಗ ಉಳಿದಿರಲಿಲ್ಲ. ಗಾಜಿನ ಮೂರು ದೀಪಗಳಲ್ಲಿ ಕಿತ್ತಳೆ ಬಣ್ಣದ ಅಂಕಿಗಳು ಬೆಳಗಿದವು: ೯೧೫. ಧಣಿಗಳು ಸ್ಟೂಲು ತರಿಸಿ ಎದುರೇ ಕೂತರು.

ಹತ್ತು ಸೆಕೆಂಡಿಗೆ ೯೧೨. ಮತ್ತೆ ಹತ್ತಕ್ಕೆ ೯೧೮. ಆಮೇಲೆ ೯೧೩.

"ಇಳೀತು! ಸೌದೆ ಹಾಕಿ!" ಎಂದರು ಧಣಿಗಳು. ಮೇಲಿದ್ದವರು ಹಾಕಿದರು.

"ಏರಿತು! ಸಾಕು, ನಿಲ್ಸಿ!"

"ಇಳೀತು ಮಾರಾಯ್ರೇ, ಎಂತ ನೋಡ್ತಾ ನಿಂತದ್ದು?"

ಒಂದು ಗಂಟೆ ಇದೇ ಆಟ. ಸೌದೆ ಹೊತ್ತವರು ಕೆಳಗೆ ಮೇಲೆ ಓಡಿ ಬೆವರಿ ನೀರಾದರು. ನನಗೆ ಮಾತ್ರ ವಿಷಯ ಗೊತ್ತಾಗಿತ್ತು. ಕುಣಿಯುತ್ತಿದ್ದದ್ದು ಬೆಂಕಿಯಲ್ಲ, ಪೆಟ್ಟಿಗೆ. ಭಟ್ಟಿಯ ಪಕ್ಕದ ಸೆಕೆಗೆ ಟ್ರಾನ್ಸಿಸ್ಟರುಗಳೇ ನಡುಗುತ್ತಿದ್ದವು. ಆ ನಡುಕವನ್ನು ತಣಿಸಲು ಇನ್ನಷ್ಟು ಬಿಡಿಭಾಗ ಬೇಕು, ಅವಕ್ಕೆ ಗೂಡಿನಲ್ಲಿ ಜಾಗವಿಲ್ಲ. ಹಲವು ಸಲ ತೂಗಿ ಸರಾಸರಿ ಹಿಡಿಯಬಹುದಿತ್ತು, ವೇಗ ಬಿಟ್ಟುಕೊಟ್ಟಿದ್ದರೂ ಅಷ್ಟು ಹೊತ್ತು ಕಾಯುವವರಲ್ಲ ಧಣಿಗಳು.

ಮೇಸ್ತ್ರಿ ಇಳಿದು ಬಂದು ನನ್ನ ಪಕ್ಕ ನಿಂತರು. ಧ್ವನಿ ಏರಿಸಲಿಲ್ಲ. "ಇದರಲ್ಲಿ ಬೆಂಕಿದು ಎಷ್ಟು, ಪೆಟ್ಟಿಗೆದು ಎಷ್ಟು? ಹೇಳಿ."

ಇಷ್ಟು ವರ್ಷದಲ್ಲಿ ಯಾವ ತೀರ್ಪುಗಾರನೂ ನನಗೆ ಅಂಥ ಪ್ರಶ್ನೆ ಹಾಕಿರಲಿಲ್ಲ. ಎಲ್ಲರನ್ನೂ ಸಂಶಯಿಸುತ್ತಿದ್ದ ನಾನು ನನ್ನ ಪೆಟ್ಟಿಗೆಯನ್ನು ಒಂದು ದಿನವಾದರೂ ಸಂಶಯಿಸಿದ್ದೆನೆ? ಈ ಕೋಣೆ ಹಾಳಾದರೆ ಮನೆಗೆ ಹೋಗುವವರು ಅವರು, ನಾನಲ್ಲ.

ಧಣಿಗಳ ಬಳಿ ಹೋಗಿ ಹೇಳಿದೆ: "ಧಣಿ, ಕೊನೆಯ ಅಂಕಿ ಸುಳ್ಳು."

"ಹೆಚ್ಚು ತಿಳಿದರೆ ನಷ್ಟ ಇಲ್ಲ ಅಂತ ಹೇಳಿದ್ದು ಯಾರು?"

"ನಾನೇ. ಆದರೆ ಇದು ತಿಳಿದದ್ದಲ್ಲ, ಬರೀ ಕುಣಿತ."

"ಉಳಿದ ಎರಡು?"

"ಅವು ನಿಜ."

"ನೀನು ಹೇಳ್ತೀ, ಅಷ್ಟೇ. ಅದನ್ನೂ ನಾಳೆ ಸುಳ್ಳು ಅಂತ ಹೇಳುದಿಲ್ಲ ಅಂತ ಎಂತ ಗ್ಯಾರಂಟಿ?"

ಉತ್ತರ ಸಿದ್ಧವಿತ್ತು, ಸೊಗಸಾದ ಉತ್ತರವೇ. ಹೇಳಿದ್ದರೆ ಇನ್ನರ್ಧ ಗಂಟೆ ವಾದ, ಮೇಲೆ ಇನ್ನಷ್ಟು ಸೌದೆ. ಇಕ್ಕುಳ ತೆಗೆದು ಮೂರನೆಯ ದೀಪದ ತಂತಿ ಕತ್ತರಿಸಿಬಿಟ್ಟೆ. ೯೧ ಉಳಿಯಿತು. ಧಣಿಗಳು ಅದನ್ನು ಹತ್ತು ನಿಮಿಷ ದಿಟ್ಟಿಸಿದರು. ಅದು ಅಲುಗಲಿಲ್ಲ. ನೋಡಲು ಏನೂ ಇಲ್ಲದ್ದರಿಂದ ಬೇಜಾರಾಗಿ ಆಫೀಸಿಗೆ ಹೋದರು. ಮೇಸ್ತ್ರಿ ಮೇಲೆ ಹತ್ತಿ ತಮ್ಮ ಪಾಡಿಗೆ ಮುಚ್ಚಳ ಎತ್ತಿದರು.

ಕೋಣೆ ತಣಿದು, ಇಟ್ಟಿಗೆ ಕಟ್ಟಿ ಮುಚ್ಚಿದ್ದ ಬಾಗಿಲು ಒಡೆದ ದಿನ ಧಣಿಗಳೂ ಬಂದಿದ್ದರು. ಆ ಒಂದು ಗಂಟೆಯ ಗುರುತಾಗಿ ಒಂದು ಸಾಲು ಕಪ್ಪಾಗಿತ್ತು. ಮಿಕ್ಕಿದ್ದೆಲ್ಲ ಸರಿಯಾಗಿ ಬೆಂದಿತ್ತು; ಬೆರಳಿನಿಂದ ತಟ್ಟಿದರೆ ಕಂಚಿನ ಹಾಗೆ ದನಿ ಕೊಡುತ್ತಿತ್ತು. ಧಣಿಗಳು ಏನೂ ಹೇಳದೆ ತಿರುಗಿ ಹೋದರು. ಮೇಸ್ತ್ರಿ ಉಳಿದುಕೊಂಡರೆಂದು ಅದರಿಂದಲೇ ಎಲ್ಲರಿಗೂ ತಿಳಿಯಿತು.

ಮೇಸ್ತ್ರಿ ನನ್ನನ್ನು ಕರೆದು ಕೇಳಿದರು: "ಇನ್ನೂ ಒಂದು ಅಂಕಿ ತೆಗೆದ್ರೆ ಹೇಗೆ ಮಾರಾಯ್ರೇ?"

"ಆಗ ಬರೀ ಒಂಬತ್ತು ಉಳಿಯುತ್ತದಲ್ಲ ಕಾಕಾ! ತೊಂಬತ್ತು ಡಿಗ್ರಿಯ ವ್ಯತ್ಯಾಸವೂ ಗೊತ್ತಾಗದು. ಹಾಗಾದರೆ ಪೆಟ್ಟಿಗೆಯೇ ಯಾಕೆ ಬೇಕು?" ಎಂದು ನಾನು ಕಾರಣಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ಎರಡನೆಯ ಕಾರಣಕ್ಕೆ ಬರುವಷ್ಟರಲ್ಲಿ ಅವರು ನಗುತ್ತ ಭಟ್ಟಿಯ ಏಣಿ ಹತ್ತಿಯಾಗಿತ್ತು.